ಕಾಂಪೌಂಡ್ ಸ್ಲೈಡ್ ತೆಗೆದು ಸಿಐ (ಬೀಡು ಕಬ್ಬಿಣದ) ಬ್ಲಾಕ್ ಕೂರಿಸಿದೆ

ನಮ್ಮನೆ ಶೆಡ್‌ನಲ್ಲಿರುವ ಚಿಕ್ಕ ಲೇತ್ (ಲೋಹ ಕಡೆಯುವ ಯಂತ್ರ) ಟರ್ನಿಂಗ್ ಚೆನ್ನಾಗಿ ಮಾಡುತ್ತದೆ. ತುಂಡು ಕತ್ತರಿಸುವ ಪಾರ್ಟಿಂಗ್ ಟೂಲ್ ಹಚ್ಚಿದರೆ ಮಾತ್ರ ಗಡಗಡ ನಡುಗುತ್ತಿತ್ತು. ಟೂಲ್ ಹಿಡಿಯುವ ಟೂಲ್ ಪೋಸ್ಟ್ ಕೆಳಗಿರುವ, ಬೇಕಾದ ಕೋನಕ್ಕೆ ತಿರುಗಿಸಿ ಜಾರಿಸುವ ಕಾಂಪೌಂಡ್ ಸ್ಲೈಡೇ ಕಾರಣ. ತಿರುಗುವ ಬುಡ, ಡವ್‌ಟೇಲ್ (ಓರೆ ಅಂಚಿನ ಜಾರುದಾರಿ), ಅದರ ಸಡಿಲ ತೆಗೆಯುವ ಗಿಬ್ ಪಟ್ಟಿ, ಇವೆಲ್ಲ ಸೇರಿ ಅಲುಗುತ್ತವೆ. ಅದನ್ನು ತೆಗೆದು, ಅಷ್ಟೇ ಎತ್ತರದ ಗಟ್ಟಿ ಬ್ಲಾಕ್ ಕೂರಿಸಬೇಕು ಅಂದುಕೊಂಡೆ.

ಬೆಳಗಾವಿಯಲ್ಲಿರುವವರಿಗೆ ಬೀಡು ಕಬ್ಬಿಣದ ಚಿಂತೆ ಇಲ್ಲ. ಉದ್ಯಮಬಾಗ್ ಕಡೆ ಎಷ್ಟೊಂದು ಫೌಂಡ್ರಿಗಳಿವೆ! ಬೀಡಿನೊಳಗಿನ ಗ್ರಾಫೈಟ್ ನಡುಕವನ್ನು ಹೀರಿಕೊಳ್ಳುತ್ತದೆ. ಅದಕ್ಕೇ ಉಕ್ಕು ಬಿಟ್ಟು ಇದನ್ನು ಆರಿಸಿದೆ. ತುಂಡು ಕೊಟ್ಟ ಮಿಸ್ತ್ರಿ, "ಮೊದಲ್ನೇ ಕಟ್ ಆಳಕ್ಕ ಕೊಡ್ರೀ ಸರ, ಮ್ಯಾಲ ಮ್ಯಾಲ ಕೆರದ್ರ ಟೂಲ್ ಹಾಳಾಗತೈತಿ" ಎಂದರು. ನಿಜ. ಎರಕದ ಮೇಲ್ಪದರ ಗಟ್ಟಿ, ಅದರಲ್ಲಿ ಮರಳೂ ಅಂಟಿರುತ್ತದೆ. ಟೂಲ್ ತುದಿ ಅದರ ಅಡಿಗೇ ಹೋಗಬೇಕು.

ಜಾಗಳನ್ನು (ದವಡೆಗಳನ್ನು) ಒಂದೊಂದಾಗಿ ಸರಿಸಬಹುದಾದ ಫೋರ್ ಜಾ ಚಕ್‌ನಲ್ಲಿ ಹಿಡಿದು, ಕಡಿಮೆ ಸ್ಪೀಡ್‌ನಲ್ಲಿ, ಕೂಲೆಂಟ್ ಇಲ್ಲದೆ ಮೊದಲು ತಳ ಫೇಸಿಂಗ್ ಮಾಡಿದೆ, ಅಂದರೆ ಸಪಾಟು ಮಾಡಿದೆ. ತಳದ ನಡುಭಾಗವನ್ನು ಅರ್ಧ ಮಿ.ಮೀ. ತಗ್ಗಿಸಿದೆ. ಆಗ ಬ್ಲಾಕ್ ಅಂಚಿನ ಮೇಲೆ ಕೂರುತ್ತದೆ, ತೂಗಾಡುವುದಿಲ್ಲ. ಲೇತಿನ ಬೆಡ್ (ಉದ್ದನೆಯ ಹಳಿ) ಪೂರ್ತಿ ಮುಚ್ಚಿಕೊಳ್ಳಿ. ಬೀಡಿನ ಕಪ್ಪು ಪುಡಿ ಎಣ್ಣೆಗೆ ಸೇರಿದರೆ ಬೆಡ್ ಸವೆಯುತ್ತದೆ.

ಮೇಲ್ಮುಖ ಕಡೆಯಲು ಬ್ಲಾಕನ್ನು ತಿರುಗಿಸಿ ಹಿಡಿಯುವಾಗ ತಳಕ್ಕೂ ಚಕ್ ಮುಖಕ್ಕೂ ನಡುವೆ ಪ್ಯಾರಲಲ್ ಪಟ್ಟಿಗಳನ್ನು ಕೊಟ್ಟೆ. ಜಾ ಬಿಗಿ ಮಾಡಿದ ಮೇಲೆ ಪಟ್ಟಿಗಳನ್ನು ಹೊರಗೆ ತೆಗೆಯಲೇಬೇಕು, ಇಲ್ಲದಿದ್ದರೆ ಮಷಿನ್ ಚಾಲೂ ಆದ ಕೂಡಲೇ ಮುಖಕ್ಕೆ ಹಾರುತ್ತವೆ. ಎತ್ತರವನ್ನು ಬೇಕೆಂದೇ 0.2 ಮಿ.ಮೀ. ಕಡಿಮೆ ಇಟ್ಟೆ. ತಗ್ಗಿದ್ದರೆ ಟೂಲ್ ಅಡಿಗೆ ಶಿಮ್ (ತೆಳು ತಗಡು) ಇಡಬಹುದು, ಜಾಸ್ತಿಯಾದರೆ ಮತ್ತೆ ಚಕ್‌ಗೇ ಹಾಕಬೇಕು. ನಾಲ್ಕು ಮೂಲೆಯಲ್ಲೂ ಮೈಕ್ರೋಮೀಟರ್ ಹಿಡಿದೆ, ವ್ಯತ್ಯಾಸ 0.02ರೊಳಗೆ ಬಂತು.

ಟೂಲ್ ಪೋಸ್ಟ್ ಸ್ಟಡ್‌ಗೆ 8.5 ಮಿ.ಮೀ. ಡ್ರಿಲ್, ಎಂ10 ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯುವ ಟೂಲ್). ಮೇಲ್ಮುಖ ಮುಗಿದ ಮೇಲೂ ಬ್ಲಾಕ್ ಬಿಚ್ಚಲಿಲ್ಲ. ತೂತಿನ ಗುರುತು ಸೆಂಟರ್‌ಗೆ ಬರುವಂತೆ ಮೊದಲೇ ಜಾ ಸರಿಸಿ ಹಿಡಿದಿದ್ದೆ. ಟ್ಯಾಪನ್ನು ಚಕ್ ಎದುರಿನ ಟೇಲ್‌ಸ್ಟಾಕ್‌ನಲ್ಲಿ ಹಿಡಿದು, ಚಕ್ಕನ್ನು ಕೈಯಿಂದಲೇ ತಿರುಗಿಸಿದೆ. ಥ್ರೆಡ್ ನೆಟ್ಟಗೆ ಬಂತು. ಕಾಂಪೌಂಡ್ ಕೂರುವ ಕ್ರಾಸ್ ಸ್ಲೈಡ್‌ಗೆ ಕಟ್ಟಲು ಕಾಂಪೌಂಡಿನ ಬೋಲ್ಟ್ ಜಾಗಗಳನ್ನೇ ಬಳಸಿದೆ, ಹೊಸ ತೂತು ಕೊರೆಯಲಿಲ್ಲ.

ಈಗ 25 ಮಿ.ಮೀ. ಇಎನ್8 (ಮಧ್ಯಮ ಕಾರ್ಬನ್ ಉಕ್ಕು) ರಾಡನ್ನು 2 ಮಿ.ಮೀ. ಬ್ಲೇಡ್ ಸದ್ದಿಲ್ಲದೆ ಕತ್ತರಿಸುತ್ತದೆ. ಚಿಪ್ ಸುರುಳಿಯಾಗಿ ಬರುತ್ತದೆ. ನೋಡಿದರೆ ಎಷ್ಟು ಖುಷಿ ಆಗುತ್ತೆ ಗೊತ್ತಾ! ಥ್ರೆಡ್ಡಿಂಗ್‌ಗೆ ಟೂಲನ್ನು ನೇರವಾಗಿ ಒಳಗೆ ಕೊಡುತ್ತೇನೆ, 1.5 ಮಿ.ಮೀ. ಪಿಚ್‌ವರೆಗೆ ತೊಂದರೆ ಕಂಡಿಲ್ಲ. ಉದ್ದದ ಅಳತೆಗೆ ಬೆಡ್ ಮೇಲೆ ಮ್ಯಾಗ್ನೆಟ್ ಸ್ಟ್ಯಾಂಡ್‌ನಲ್ಲಿ ಡಯಲ್ ಗೇಜ್ ಇಟ್ಟಿದ್ದೇನೆ. ಚಿಕ್ಕ ಟೇಪರ್ (ಕ್ರಮೇಣ ಸಣ್ಣದಾಗುವ ಆಕಾರ) ಬೇಕಾದಾಗ ಮಾತ್ರ ಬ್ಲಾಕ್ ಬಿಚ್ಚಿ ಕಾಂಪೌಂಡ್ ಹಾಕುತ್ತೇನೆ.