ಮನೆಯ ಪೈಪಿನಿಂದ ರಾಜಕಾಲುವೆಯವರೆಗೆ: ಬೆಂಗಳೂರಿನ ಮಳೆನೀರು ಚರಂಡಿ ಕೆಡದಂತೆ ನೋಡಿಕೊಳ್ಳುವ ಬಗೆ

ಬೆಂಗಳೂರಿನಲ್ಲಿ ಮನೆಯಿಂದ ಹೊರಗೆ ಹೋಗುವ ನೀರಿಗೆ ಎರಡು ದಾರಿಗಳಿವೆ. ಒಂದು ಜಲಮಂಡಳಿಯ ಒಳಚರಂಡಿ. ಶೌಚಾಲಯ, ಬಚ್ಚಲು ಮತ್ತು ಅಡುಗೆಮನೆಯ ಕೊಳಚೆ ಅದರ ಮೂಲಕ ಸಂಸ್ಕರಣಾ ಘಟಕ ಸೇರಬೇಕು. ಇನ್ನೊಂದು ಮಳೆನೀರಿಗೆಂದೇ ಕಟ್ಟಿದ ಬೀದಿಚರಂಡಿ. ಅದು ದೊಡ್ಡ ಮೋರಿಗೆ, ಮೋರಿ ರಾಜಕಾಲುವೆಗೆ, ರಾಜಕಾಲುವೆ ಕೆರೆಗೆ ಸೇರುತ್ತದೆ. ದೊಡ್ಡ ನದಿಯಿಲ್ಲದ ಈ ಊರಿನಲ್ಲಿ ಒಂದು ಕೆರೆಯ ಕೋಡಿ ನೀರು ಮುಂದಿನ ಕೆರೆಯನ್ನು ತುಂಬಲೆಂದು ಉಳಿಸಿಕೊಂಡ ಹರಿವುಗಳೇ ರಾಜಕಾಲುವೆಗಳಾದ್ದರಿಂದ, ಬೀದಿಚರಂಡಿಗೆ ಬಿಟ್ಟ ಸಾಬೂನು ನೀರು ಹಾಗೆಯೇ ಯಾವುದೋ ಕೆರೆಯನ್ನು ಮುಟ್ಟುತ್ತದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಬೆಳ್ಳಂದೂರು ಮತ್ತು ವರ್ತೂರು ಕೆರೆಗಳನ್ನು ದಾಟಿ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಹೆಬ್ಬಾಳ ಕಣಿವೆಯ ನೀರೂ ಕೊನೆಗೆ ಅದೇ ನದಿಯನ್ನು ಸೇರುತ್ತದೆ. ವೃಷಭಾವತಿಯ ನೀರು ಬೈರಮಂಗಲ ಕೆರೆಯ ಮೂಲಕ ಅರ್ಕಾವತಿಗೂ ಅಲ್ಲಿಂದ ಕಾವೇರಿಗೂ ಹೋಗುತ್ತದೆ. ತಮ್ಮ ಮನೆ ಯಾವ ಕಣಿವೆಯಲ್ಲಿದೆ ಎಂದು ತಿಳಿದುಕೊಳ್ಳುವುದು ಮೊದಲ ಕೆಲಸ.

ಕಾನೂನಿನ ಬುಡ 1974ರ ಜಲ ಮಾಲಿನ್ಯ ನಿಯಂತ್ರಣ ಕಾಯ್ದೆ. ಅದರ 24ನೆಯ ಪ್ರಕರಣವು ತಿಳಿದೂ ತಿಳಿದೂ ಮಲಿನ ವಸ್ತುವನ್ನು ಹರಿವಿಗೆ (ಹಳ್ಳ, ಹೊಳೆಗಳಂಥ ನೀರಿನ ದಾರಿಗೆ), ಬಾವಿಗೆ, ಒಳಚರಂಡಿಗೆ ಅಥವಾ ನೆಲಕ್ಕೆ ಬಿಡುವುದನ್ನೂ ಬಿಡಗೊಡುವುದನ್ನೂ ನಿಷೇಧಿಸುತ್ತದೆ. ಸದ್ಯಕ್ಕೆ ಒಣಗಿರುವ ನೀರಿನ ದಾರಿಯೂ ಈ ಕಾಯ್ದೆಯ ಅರ್ಥದಲ್ಲಿ ಹರಿವೇ ಆಗಿದೆ. ಆದ್ದರಿಂದ ಬೇಸಿಗೆಯಲ್ಲಿ ನೀರಿಲ್ಲದೆ ಬಿರುಕು ಬಿಟ್ಟ ರಾಜಕಾಲುವೆಯನ್ನು ಖಾಲಿ ಜಾಗವೆಂದು ಬಗೆದು ಮಣ್ಣು ಸುರಿಯುವವರಿಗೆ ಕಾನೂನಿನಲ್ಲಿ ಆಸರೆ ಇಲ್ಲ.

ಮನೆಯೊಳಗಿನ ಪರೀಕ್ಷೆ ಸುಲಭ, ಅರ್ಧ ಗಂಟೆಯ ಕೆಲಸ. ಒಂದು ಬಕೆಟ್ ನೀರಿಗೆ ಎರಡು ಮೂರು ಚಮಚ ಅರಿಶಿನ ಕಲಸಿ, ಮಳೆ ಬಾರದ ದಿನ ಒಂದೊಂದೇ ಕಿಂಡಿಗೆ ಸುರಿಯಬೇಕು. ಇನ್ನೊಬ್ಬರು ಹೊರಗೆ ನಿಂತು ಹಳದಿ ನೀರು ಒಳಚರಂಡಿಯ ಛೇಂಬರಿನಲ್ಲಿ (ಮನೆಯ ಪೈಪುಗಳು ಕೂಡುವ ಮುಚ್ಚಳದ ಗುಂಡಿಯಲ್ಲಿ) ಕಾಣುವುದೋ ಬೀದಿಚರಂಡಿಯಲ್ಲಿ ಕಾಣುವುದೋ ನೋಡಬೇಕು. ಬಚ್ಚಲು ಮತ್ತು ಅಡುಗೆಮನೆಗಳಲ್ಲಿ ತಪ್ಪು ಸಾಮಾನ್ಯವಾಗಿ ಇರುವುದಿಲ್ಲ. ತಪ್ಪು ಇರುವುದು ಯುಟಿಲಿಟಿಯಲ್ಲಿ, ಬಾಲ್ಕನಿಯಲ್ಲಿ ಮತ್ತು ಆಮೇಲೆ ಸೇರಿಸಿದ ಕೋಣೆಗಳಲ್ಲಿ. ನಮ್ಮ ಮನೆಯಲ್ಲಿ ಬಟ್ಟೆ ಒಗೆಯುವ ಯಂತ್ರದ ಪೈಪನ್ನು ಪ್ಲಂಬರ್ ಹತ್ತಿರವೇ ಇದ್ದ ತಾರಸಿಯ ಮಳೆನೀರಿನ ಪೈಪಿಗೆ ಕೂಡಿಸಿ ಹೋಗಿದ್ದರು. ನಾಲ್ಕು ವರ್ಷ ನಮ್ಮ ಡಿಟರ್ಜೆಂಟ್ ನೊರೆ ನೇರವಾಗಿ ಮೋರಿಗೆ ಹೋಗುತ್ತಿತ್ತು ಎಂಬುದು ಅರಿಶಿನ ಸುರಿದ ದಿನ ತಿಳಿಯಿತು. 2015ರಲ್ಲಿ ಬೆಳ್ಳಂದೂರು ಮತ್ತು ವರ್ತೂರು ಕೆರೆಗಳ ನೊರೆ ರಸ್ತೆಗೆ ಹಾರಿ ಬಂದಾಗ ಕಾರ್ಖಾನೆಗಳನ್ನು ಬೈದವರಲ್ಲಿ ನಾನೂ ಒಬ್ಬ. ಇಂಥ ಪೈಪನ್ನು ಬಿಡಿಸಿ, ನಡುವೆ ವಾಸನೆ ತಡೆಯುವ ಟ್ರ್ಯಾಪ್ ಇಟ್ಟು ಒಳಚರಂಡಿಯ ಛೇಂಬರಿಗೆ ಕೂಡಿಸಲು ಪ್ಲಂಬರಿಗೆ ಒಂದು ದಿನ ಸಾಕು.

ಇದರ ತಿರುವುಮುರುವು ತಪ್ಪೂ ಅಷ್ಟೇ ಕೆಟ್ಟದ್ದು. ತಾರಸಿಯ ಮಳೆನೀರನ್ನು ಒಳಚರಂಡಿಗೆ ಬಿಟ್ಟರೆ, ಕೊಳಚೆಯ ಅಳತೆಗೆ ಮಾತ್ರ ಹಾಕಿದ ಪೈಪು ಒಂದೇ ದೊಡ್ಡ ಮಳೆಗೆ ತುಂಬಿ, ತಗ್ಗಿನ ಬೀದಿಯ ಆಳುಗುಂಡಿ (ಮ್ಯಾನ್‌ಹೋಲ್) ಉಕ್ಕಿ, ಆ ಕೊಳಚೆಯೆಲ್ಲ ಮಳೆನೀರಿನ ಜೊತೆ ರಾಜಕಾಲುವೆಗೆ ಇಳಿಯುತ್ತದೆ. ತಾರಸಿಯ ನೀರಿಗೆ ಸರಿಯಾದ ಜಾಗ ಸಂಪು ಅಥವಾ ಇಂಗುಬಾವಿ. 2009ರಲ್ಲಿ ಜಲಮಂಡಳಿಯ ಕಾಯ್ದೆಗೆ ತಂದ ತಿದ್ದುಪಡಿಯು 1,200 ಚದರ ಅಡಿ ಮತ್ತು ಅದಕ್ಕೂ ದೊಡ್ಡ ನಿವೇಶನಗಳ ಹೊಸ ಕಟ್ಟಡಗಳಿಗೂ, 2,400 ಚದರ ಅಡಿ ಮತ್ತು ಅದಕ್ಕೂ ದೊಡ್ಡ ನಿವೇಶನಗಳ ಹಳೆಯ ಕಟ್ಟಡಗಳಿಗೂ ಮಳೆಕೊಯ್ಲನ್ನು ಕಡ್ಡಾಯ ಮಾಡಿತು. ಮೊದಲ ಮಳೆಯ ಕೊಳೆನೀರು ಹೊರಗೆ ಹೋಗುವಂತೆ ಕವಾಟ ಇಡಬೇಕು. ಅಂಗಳ ತೊಳೆದ ನೀರು ಇಂಗುಬಾವಿಗೆ ಬೀಳಲೇಬಾರದು, ಏಕೆಂದರೆ ಅದು ಅಂತರ್ಜಲವನ್ನೇ ಕೆಡಿಸುತ್ತದೆ.

ಮನೆ ಕಟ್ಟಿಸುವವರು ಹೆಚ್ಚು ಎಚ್ಚರ ವಹಿಸಬೇಕು. ಚರಂಡಿಯ ಹೂಳಿನಲ್ಲಿ ಕಟ್ಟಡದ ಮರಳು, ಜಲ್ಲಿಪುಡಿ ಮತ್ತು ಸಿಮೆಂಟು ಎಷ್ಟಿದೆ ಎಂಬುದನ್ನು ಹೂಳೆತ್ತುವಾಗ ಪಕ್ಕದಲ್ಲಿ ನಿಂತು ನೋಡಿದವರಿಗೆ ಬೇರೆ ಸಾಕ್ಷಿ ಬೇಡ. 2016ರ ಕಟ್ಟಡ ತ್ಯಾಜ್ಯ ನಿಯಮಗಳು ಒಡೆದ ಇಟ್ಟಿಗೆ, ಗಾರೆ ಮತ್ತು ಮಣ್ಣು ರಸ್ತೆಗೂ ಚರಂಡಿಗೂ ಅಡ್ಡವಾಗದಂತೆ ನೋಡಿಕೊಳ್ಳುವ ಹೊಣೆಯನ್ನು ಕಟ್ಟಿಸುವವರ ಮೇಲೆ ಹೊರಿಸಿದವು; ದಿನಕ್ಕೆ 20 ಟನ್ ಅಥವಾ ತಿಂಗಳಿಗೆ 300 ಟನ್ ಮೀರುವ ಕಾಮಗಾರಿಗೆ ತ್ಯಾಜ್ಯ ನಿರ್ವಹಣೆಯ ಯೋಜನೆಗೆ ಮೊದಲೇ ಮಂಜೂರಾತಿ ಪಡೆಯುವಂತೆ ವಿಧಿಸಿದವು. ಸಣ್ಣ ಮನೆಗೆ ಈ ಮಂಜೂರಾತಿಯ ಮಾತು ಅನ್ವಯಿಸದಿದ್ದರೂ ಕಡ್ಡಾಯದಷ್ಟೇ ಮುಖ್ಯವಾದ ಕೆಲವು ಕ್ರಮಗಳಿವೆ. ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು) ರಾಶಿಯನ್ನು ಚರಂಡಿಯ ಕಿಂಡಿಯಿಂದ ದೂರ ಹಾಕಿಸಿ, ಸುತ್ತ ಮರಳು ತುಂಬಿದ ಚೀಲಗಳ ಒಡ್ಡು ಕಟ್ಟಿಸಿ, ಸಂಜೆ ಟಾರ್ಪಾಲಿನ್ ಹೊದಿಸಬೇಕು. ಬೆಂಗಳೂರಿನ ಏಪ್ರಿಲ್–ಮೇ ಮಳೆ ಹೇಳಿ ಕೇಳಿ ಬರುವಂಥದ್ದಲ್ಲ. ಕಾಂಕ್ರೀಟ್ ಮಿಕ್ಸರ್ ತೊಳೆದ ನೀರನ್ನು ಸೈಟಿನೊಳಗೇ ತೋಡಿದ ಗುಂಡಿಗೆ ಬಿಟ್ಟು, ಗಟ್ಟಿಯಾದದ್ದನ್ನು ಕಟ್ಟಡ ತ್ಯಾಜ್ಯದ ಜೊತೆ ಸಾಗಿಸಬೇಕು. ಎಲ್ಲರೂ ಮರೆಯುವುದು ನೆಲದ ಕಲ್ಲಿಗೆ ಪಾಲಿಷ್ ಹಿಡಿಯುವಾಗ ಬರುವ ಬಿಳಿ ರಾಡಿಯನ್ನು. ಅದು ಚರಂಡಿಯ ತಳದಲ್ಲಿ ಗಾರೆಯಂತೆ ಕೂರುತ್ತದೆ. ಅದನ್ನು ಡ್ರಮ್ಮಿನಲ್ಲಿ ತಂಗಲು ಬಿಟ್ಟು ಒಣಗಿಸಬೇಕೆಂಬ ಮಾತನ್ನು ಕೆಲಸ ಒಪ್ಪಿಸುವ ಮೊದಲೇ ಮೇಸ್ತ್ರಿಯೊಡನೆ ಆಡಿಕೊಳ್ಳುವುದು ಒಳ್ಳೆಯದು. ಆಮೇಲೆ ಹೇಳಿದರೆ ಅದು ಹೆಚ್ಚುವರಿ ಕೂಲಿಯ ಜಗಳವಾಗುತ್ತದೆ.

ವ್ಯಾಪಾರದ ಸ್ಥಳಗಳ ಬಗ್ಗೆ ಇಷ್ಟು ಸಾಕು: ಹೋಟೆಲಿಗೆ ಜಿಡ್ಡು ತಡೆಯುವ ತೊಟ್ಟಿ ಬೇಕು, ಗ್ಯಾರೇಜಿನ ಹಳೆಯ ಎಂಜಿನ್ ಆಯಿಲ್ ಅಪಾಯಕಾರಿ ತ್ಯಾಜ್ಯವಾದ್ದರಿಂದ ಪರವಾನಗಿ ಪಡೆದವರಿಗೇ ಕೊಡಬೇಕು, ಕೊಟ್ಟಿಗೆಯ ಸಗಣಿಯನ್ನು ನೀರು ಬಿಟ್ಟು ಮೋರಿಗೆ ತಳ್ಳದೆ ಬಾಚಿ ತಿಪ್ಪೆಗೆ ಹಾಕಬೇಕು. ಒಳಚರಂಡಿ ಬಾರದ ಬಡಾವಣೆಗಳಲ್ಲಿ ಶೌಚಾಲಯದ ಪಿಟ್ ಖಾಲಿ ಮಾಡಿಸುವವರು ಟ್ಯಾಂಕರಿನವರನ್ನು ಎಲ್ಲಿ ಸುರಿಯುತ್ತೀರಿ ಎಂದು ಕೇಳಲೇಬೇಕು. ಕಡಿಮೆ ದರಕ್ಕೆ ರಾತ್ರಿ ಮಾತ್ರ ಬರುವ ಟ್ಯಾಂಕರು ರಾಜಕಾಲುವೆಗೇ ಸುರಿಯುತ್ತದೆ ಎಂದು ಶಂಕಿಸುವುದು ಅನ್ಯಾಯವಾಗದು.

ಕಸದ ವಿಷಯದಲ್ಲಿ 2016ರ ಘನತ್ಯಾಜ್ಯ ನಿಯಮಗಳು ಚರಂಡಿಗೂ ಜಲಮೂಲಗಳಿಗೂ ಕಸ ಎಸೆಯುವುದನ್ನು ನೇರವಾಗಿ ನಿಷೇಧಿಸಿದವು. ಪರವಾನಗಿಯಿಲ್ಲದ ಜಾಗದಲ್ಲಿ 100ಕ್ಕಿಂತ ಹೆಚ್ಚು ಜನ ಸೇರುವ ಸಮಾರಂಭವಾದರೆ 3 ಕೆಲಸದ ದಿನ ಮುಂಚೆ ಸ್ಥಳೀಯ ಸಂಸ್ಥೆಗೆ ತಿಳಿಸಬೇಕೆಂದೂ ಹೇಳಿದವು. ಮನೆಯ ಮುಂದೆ ಗುಡಿಸಿದ ಎಲೆ ಮತ್ತು ಧೂಳನ್ನು ಕಿಂಡಿಗೆ ತಳ್ಳುವ ಅಭ್ಯಾಸ ಅನೇಕರಿಗೆ ತಪ್ಪೆಂದೇ ಅನ್ನಿಸುವುದಿಲ್ಲ. ಆದರೆ ಆ ಎಲೆ ಕೊಳೆತು ಕಟ್ಟಿಕೊಂಡ ಚರಂಡಿಗೆ ಕೊನೆಗೆ ಕೈಹಾಕಬೇಕಾದವರು ಪೌರಕಾರ್ಮಿಕರು. ಗಣೇಶನ ವಿಷಯದಲ್ಲಿ ಬಣ್ಣವಿಲ್ಲದ ಮಣ್ಣಿನ ಮೂರ್ತಿಯನ್ನು ತಂದು ಮನೆಯ ಬಕೆಟ್ಟಿನಲ್ಲೋ ನಿಗದಿಯಾದ ಕಲ್ಯಾಣಿಯಲ್ಲೋ ಬಿಡಬೇಕು. ಹೂವು ಮತ್ತು ವಸ್ತ್ರವನ್ನು ಮೊದಲೇ ತೆಗೆದಿಡಬೇಕು.

ಇಷ್ಟರ ಮೇಲೆ ಬೇರೆಯವರ ತಪ್ಪನ್ನು ಹಿಡಿಯುವ ಬಗೆ. ವಾರದಿಂದ ಮಳೆಯಿಲ್ಲದಿದ್ದರೂ ಮಳೆನೀರು ಚರಂಡಿಯಲ್ಲಿ ನೀರು ಹರಿಯುತ್ತಿದ್ದರೆ ಎಲ್ಲೋ ಮೇಲುಗಡೆ ಕೊಳಚೆ ಸೇರುತ್ತಿದೆ ಎಂದೇ ತಿಳಿಯಬೇಕು. ಹರಿವಿನ ಎದುರು ದಿಕ್ಕಿಗೆ ನಡೆಯುತ್ತ, ನೀರು ಕಾಣದ ಜಾಗ ಬರುವವರೆಗೆ ನೋಡಿದರೆ ಮೂಲ ಸಿಗುತ್ತದೆ. ದೂರಿನ ಜೊತೆ ಕೊಡುವ ಚಿತ್ರದಲ್ಲಿ ಕೊಳೆಯ ಜೊತೆ ಹತ್ತಿರದ ಕಂಬದ ಸಂಖ್ಯೆಯೋ ಅಡ್ಡರಸ್ತೆಯ ಫಲಕವೋ ಬೀಳುವಂತೆ ತೆಗೆಯಬೇಕು. ಬರಹದಲ್ಲಿ ದಿನಾಂಕ, ಸಮಯ, ನೀರಿನ ಬಣ್ಣ, ವಾಸನೆ ಮತ್ತು ಕೊನೆಯ ಮಳೆ ಯಾವಾಗ ಬಂತೆಂಬುದನ್ನು ಬರೆಯಬೇಕು. ಆಳುಗುಂಡಿ ಉಕ್ಕಿದ್ದರೆ ಅಥವಾ ಕೊಳಚೆ ಸೇರುತ್ತಿದ್ದರೆ ಜಲಮಂಡಳಿಯ 1916ಕ್ಕೆ, ಕಸ, ಹೂಳು ಮತ್ತು ಕಟ್ಟಡ ತ್ಯಾಜ್ಯಕ್ಕೆ ಪಾಲಿಕೆಗೆ, ಕಾರ್ಖಾನೆಯ ಬಣ್ಣದ ನೀರಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ದೂರು ಕೊಡಬೇಕು. ನಗರದಲ್ಲಿ 2025ರ ಸೆಪ್ಟೆಂಬರಿನಿಂದ ಐದು ಪಾಲಿಕೆಗಳಿರುವುದರಿಂದ ತಮ್ಮ ವಾರ್ಡು ಯಾವುದಕ್ಕೆ ಸೇರಿದೆ ಎಂದು ಮೊದಲು ನೋಡಿಕೊಳ್ಳದಿದ್ದರೆ, ಇದು ನಮ್ಮ ವ್ಯಾಪ್ತಿಯಲ್ಲ ಎಂಬ ಉತ್ತರಕ್ಕೆ ದಾರಿ ಮಾಡಿಕೊಟ್ಟಂತಾಗುತ್ತದೆ. ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಂಡು, ದೂರು ಮುಗಿಯಿತೆಂಬ ಸಂದೇಶ ಬಂದ ಮೇಲೆ ಅದೇ ಜಾಗದಿಂದ ಇನ್ನೊಂದು ಚಿತ್ರ ತೆಗೆಯಬೇಕು. ಹರಿವು ನಿಲ್ಲದಿದ್ದರೆ ಹಳೆಯ ಸಂಖ್ಯೆಯನ್ನು ನಮೂದಿಸಿಯೇ ಹೊಸ ದೂರು ಕೊಡಬೇಕು.