ಆರದ ಕೆಂಪು ದೀಪ: ನನ್ನ ಅಂಬಾಸಿಡರ್‌ನ ಚಾರ್ಜಿಂಗ್ ದೋಷ ಸಿಕ್ಕ ಬಗೆ

ಹಗಲು ಹೊತ್ತು ನನ್ನ ಅಂಬಾಸಿಡರ್ ಮಾರ್ಕ್ 2 ಯಾವ ತಕರಾರೂ ಇಲ್ಲದೆ ಓಡುತ್ತಿತ್ತು. ರಾತ್ರಿ ಚಿತ್ರದುರ್ಗದಿಂದ ದಾವಣಗೆರೆಗೆ ಬರುವಾಗ ಮಾತ್ರ, ಭರಮಸಾಗರ ದಾಟುವಷ್ಟರಲ್ಲಿ ಹೆಡ್‌ಲೈಟ್ ಹಳದಿಗೆ ತಿರುಗುತ್ತಿತ್ತು. ಮರುದಿನ ಬೆಳಿಗ್ಗೆ ಸ್ಟಾರ್ಟರ್ ಹೆಣಗಾಡುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಬ್ಯಾಟರಿ ಬದಲಿಸಿ ಎಂದರು. ಮತ್ತೊಂದರಲ್ಲಿ ಡೈನಮೊ (ಎಂಜಿನ್ ಜೊತೆ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ ಹಳೆಯ ಬಗೆಯ ಯಂತ್ರ) ಕಿತ್ತು, ಅದೇ ಕೆಲಸ ಮಾಡುವ ಹೊಸ ಬಗೆಯ ಆಲ್ಟರ್ನೇಟರ್ ಕೂರಿಸಿ ಎಂದರು. ಮೀಟರನ್ನು ಯಾರೂ ಕೈಗೆತ್ತಿಕೊಳ್ಳಲಿಲ್ಲ. ಅರ್ಧ ಶತಮಾನ ದುಡಿದ ಡೈನಮೊವನ್ನು ವಿಚಾರಣೆಯಿಲ್ಲದೆ ಗುಜರಿಗೆ ಹಾಕಲು ನನಗೆ ಮನಸ್ಸು ಬರಲಿಲ್ಲ.

ಸುಳಿವು ಕೊಟ್ಟಿದ್ದು ಡ್ಯಾಶ್‌ಬೋರ್ಡಿನ ಕೆಂಪು ದೀಪ, ಚಾರ್ಜಿಂಗ್ ಎಚ್ಚರಿಕೆಯ ದೀಪ. ಬಿಸಿಲಿನಲ್ಲಿ ಅದು ಆರಿದಂತೆಯೇ ಕಾಣುತ್ತದೆ. ಕತ್ತಲೆಯಲ್ಲಿ, ವೇಗ ಹೆಚ್ಚಿದಾಗಲೂ, ಅದರೊಳಗಿನ ತಂತಿ ನಸುಗೆಂಪಾಗಿ ಉಳಿದಿತ್ತು. ಆ ದೀಪದ ಒಂದು ತುದಿ ಡೈನಮೊ ಕಡೆಗೆ, ಇನ್ನೊಂದು ಬ್ಯಾಟರಿ ಕಡೆಗೆ. ಎರಡೂ ಕಡೆ ವೋಲ್ಟೇಜ್ ಸಮವಾದರೆ ದೀಪ ಪೂರ್ತಿ ಆರಬೇಕು. ಆರದಿದ್ದರೆ ಒಂದೋ ಡೈನಮೊ ಸಾಕಷ್ಟು ವಿದ್ಯುತ್ ಕೊಡುತ್ತಿಲ್ಲ, ಇಲ್ಲವೇ ನಡುವೆ ಎಲ್ಲೋ ಅದು ತಡೆದು ನಿಂತಿದೆ ಎಂದರ್ಥ.

ಫ್ಯಾನ್ ಬೆಲ್ಟ್ ಬಿಗಿಯಾಗಿತ್ತು. ಹೊರಗೆ ಚಾರ್ಜ್ ಮಾಡಿಸಿದ ಬ್ಯಾಟರಿ ರಾತ್ರಿಯಿಡೀ 12.6 ವೋಲ್ಟ್ ಹಿಡಿದುಕೊಂಡಿತ್ತು. ಇನ್ನು ಡೈನಮೊ. ಅದರ ಡಿ (ವಿದ್ಯುತ್ ಹೊರಬರುವ) ಮತ್ತು ಎಫ್ (ಒಳಗಿನ ಫೀಲ್ಡ್ ಕಾಯಿಲ್‌ಗೆ ಹೋಗುವ) ತಂತಿಗಳನ್ನು ಕಳಚಿ, ಆ ಎರಡು ಟರ್ಮಿನಲ್‌ಗಳನ್ನು ತುಂಡು ತಂತಿಯಿಂದ ಜೋಡಿಸಿ, ಅಲ್ಲಿಗೂ ಡೈನಮೊದ ಲೋಹದ ಮೈಗೂ ನಡುವೆ ವೋಲ್ಟ್ ಮೀಟರ್ ಹಿಡಿದೆ. ಈ ಕೆಲಸಕ್ಕೆ ಮುಳ್ಳಿನ ಮೀಟರೇ ವಾಸಿ. ಡಿಜಿಟಲ್ ಮೀಟರಿನ ಅಂಕಿಗಳು ಕುಣಿಯುತ್ತವೆ. ಆಕ್ಸಿಲರೇಟರನ್ನು ಮೆಲ್ಲಗೆ ಏರಿಸಿದಂತೆ ಮುಳ್ಳು ತಡವರಿಸದೆ 20ರ ಹತ್ತಿರಕ್ಕೆ ಏರಿತು. ಅದಕ್ಕಿಂತ ಮೇಲೆ ಹೋಗಲು ಬಿಡಬಾರದು. ಒಂದು ವೋಲ್ಟ್ ಒಳಗೇ ನಿಂತಿದ್ದರೆ ಕಾಂತಶಕ್ತಿ ಹುಟ್ಟಿಸುವ ಫೀಲ್ಡ್ ಕಾಯಿಲ್ ಮೇಲೆ, ಮುಳ್ಳು ನಡುಗಿದ್ದರೆ ಕಾರ್ಬನ್ ಬ್ರಷ್ ಮತ್ತು ಅದು ಉಜ್ಜಿಕೊಂಡು ತಿರುಗುವ ಕಮ್ಯುಟೇಟರ್ ಮೇಲೆ ಅನುಮಾನಪಡುತ್ತಿದ್ದೆ. ಡೈನಮೊ ನಿರ್ದೋಷಿ.

ಉಳಿದದ್ದು ಕಂಟ್ರೋಲ್ ಬಾಕ್ಸ್: ಡೈನಮೊ ಮತ್ತು ಬ್ಯಾಟರಿ ನಡುವಿನ ಪೆಟ್ಟಿಗೆ. ಅದರೊಳಗೆ ವೋಲ್ಟೇಜ್ ಹದದಲ್ಲಿಡುವ ರೆಗ್ಯುಲೇಟರ್, ಮತ್ತು ಡೈನಮೊವನ್ನು ಬ್ಯಾಟರಿಗೆ ಜೋಡಿಸುವ, ಬಿಡಿಸುವ ಕಟ್‌ಔಟ್ ಎಂಬ ಸ್ವಿಚ್ ಇರುತ್ತವೆ. ತಂತಿಗಳನ್ನು ಮರಳಿ ಜೋಡಿಸಿ, ಹೆಡ್‌ಲೈಟ್ ಹಾಕಿ, ಎಂಜಿನ್ ವೇಗ ಹೆಚ್ಚಿಸಿ ಅಳೆದೆ: ಡೈನಮೊ ಕಡೆಯ ಡಿ ಟರ್ಮಿನಲ್‌ನಲ್ಲಿ 13.8 ವೋಲ್ಟ್, ಬ್ಯಾಟರಿ ಕಡೆಯ ಎ ಟರ್ಮಿನಲ್‌ನಲ್ಲಿ 12.1. ಎಂಜಿನ್ ನಿಲ್ಲಿಸಿ ಮುಚ್ಚಳ ತೆಗೆದಾಗ ಕಟ್‌ಔಟ್‌ನ ಪಾಯಿಂಟ್‌ಗಳು (ಒಂದಕ್ಕೊಂದು ತಾಗಿ ವಿದ್ಯುತ್ ಹರಿಸುವ ಲೋಹದ ತುದಿಗಳು) ಕಪ್ಪಾಗಿ, ಒಂದು ಬದಿಯಲ್ಲಿ ಸಣ್ಣ ಗುಳಿಯೂ ಬಿದ್ದಿತ್ತು. ರೆಗ್ಯುಲೇಟರ್ ವೋಲ್ಟೇಜ್ ನೋಡಿಕೊಳ್ಳುವುದು ಈ ಪಾಯಿಂಟ್‌ಗಳ ಹಿಂದೆ, ಡೈನಮೊ ಬದಿಯಲ್ಲಿ. ಹಾಗಾಗಿ ಅದರ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿತ್ತು, ಬ್ಯಾಟರಿ ಮಾತ್ರ ಉಪವಾಸ ಬಿದ್ದಿತ್ತು.

ಬ್ಯಾಟರಿ ತಂತಿ ಕಳಚಿ, ನುಣುಪಾದ ಗ್ಲಾಸ್ ಪೇಪರಿನ ಸಣ್ಣ ಪಟ್ಟಿಯನ್ನು ಪಾಯಿಂಟ್‌ಗಳ ನಡುವೆ ಎಳೆದು ಉಜ್ಜಿ, ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದೆ. ಕಟ್‌ಔಟ್ ಪಾಯಿಂಟ್‌ಗಳಿಗೆ ಎಮೆರಿ ಕಾಗದ ತಾಗಿಸಲೇಬಾರದು. ರೆಗ್ಯುಲೇಟರಿನ ಸ್ಕ್ರೂಗಳನ್ನು ನಾನು ಮುಟ್ಟಲಿಲ್ಲ, ಅಲ್ಲಿ ತಪ್ಪಿರಲಿಲ್ಲ.

ಮತ್ತೆ ಅಳೆದಾಗ ಡಿ ಮತ್ತು ಎ ನಡುವಿನ ವ್ಯತ್ಯಾಸ 0.1 ವೋಲ್ಟ್‌ಗೆ ಇಳಿದಿತ್ತು. ಗುಳಿ ಬಿದ್ದ ಪಾಯಿಂಟ್‌ಗಳು ಬೇಗ ಕಪ್ಪಾಗುತ್ತವೆ, ಆದ್ದರಿಂದ ಎಣ್ಣೆ ಬದಲಿಸುವಾಗಲೆಲ್ಲ ಈ ಒಂದು ಅಳತೆಯನ್ನು ತಪ್ಪದೆ ತೆಗೆದುಕೊಳ್ಳುತ್ತೇನೆ.