ಓಣಿಯ ನಾಲ್ಕು ಮಕ್ಕಳು, ನನ್ನ ಬಿ.ಎಡ್. ಹುಡುಗಿಯರು

ವಿಜಯಪುರದ ಒಂದು ಬಿ.ಎಡ್. ಕಾಲೇಜಿನಲ್ಲಿ ಹದಿನೈದು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ನಮ್ಮಲ್ಲಿ ಮುಸ್ಲಿಂ ಹುಡುಗಿಯರೇ ಜಾಸ್ತಿ. ಯಾಕಮ್ಮ ಟೀಚರ್ ಆಗಬೇಕು ಅಂತ ಸಂದರ್ಶನದಲ್ಲಿ ಕೇಳಿದರೆ, ‘ಸಮಾಜ ಸೇವೆ ಮೇಡಂ’ ಅನ್ನುತ್ತಾರೆ. ಸಲಿಗೆ ಬೆಳೆದ ಮೇಲೆ ನಿಜ ಹೊರಬರುತ್ತದೆ. ‘ಅಬ್ಬಾ ಇದೊಂದಕ್ಕ ಹೂಂ ಅಂದ್ರು’, ‘ಮದುವಿ ಗೊತ್ತಾಗೋ ತನಕ ಸುಮ್ನೆ ಮನ್ಯಾಗ ಕೂಡಬಾರದು ಅಂತ ಬಂದೆ’. ಇದರಲ್ಲಿ ತಪ್ಪೇನಿಲ್ಲ. ಆದರೆ ಎರಡನೇ ವರ್ಷದ 16 ವಾರಗಳ ಇಂಟರ್ನ್‌ಶಿಪ್ ಹೊತ್ತಿಗೆ ಒಬ್ಬೊಬ್ಬರೇ ಬಿಡುತ್ತಾರೆ. ಒಂದು ಬ್ಯಾಚಿನಲ್ಲಿ ಏಳೋ ಎಂಟೋ ಮಂದಿ ಹೋದರು. 2023ರಲ್ಲಿ ಶಕ್ತಿ ಯೋಜನೆ ಬಂದು ಬಸ್ ಖರ್ಚು ಉಳಿಯಿತು, ಬಿಡುವುದು ನಿಲ್ಲಲಿಲ್ಲ.

ಮೊದಲು ಭಾಷಣ ಮಾಡಿಸಿದೆ. ಶಾಲು, ಹಾರ, ಊಟ ಅಂತ ಮೂರು ಸಾವಿರ ಹೋಯಿತು. ಹುರುಪು ಒಂದೇ ವಾರ. ಹಾಜರಾತಿಗೆ ಬಹುಮಾನ ಇಟ್ಟೆ, ಮತ್ತೆರಡು ಸಾವಿರ. ಗೆದ್ದವರು ಮೊದಲಿಂದಲೂ ತಪ್ಪದೆ ಬರುತ್ತಿದ್ದವರೇ.

ಆಮೇಲೆ ಒಂದು ನಿಯಮ ಮಾಡಿದೆ. ಸೇರಿದ ಎರಡನೇ ವಾರದಿಂದಲೇ ಪ್ರತಿಯೊಬ್ಬಳೂ ತನ್ನ ಓಣಿಯ ನಾಲ್ಕು ಮಕ್ಕಳಿಗೆ ಸಂಜೆ ಒಂದು ತಾಸು ಕನ್ನಡ ಓದಲು ಕಲಿಸಬೇಕು. ಲೆಸನ್ ಪ್ಲಾನ್ ಇಲ್ಲ, ಅಂಕ ಇಲ್ಲ. ‘ಪುಕ್ಕಟೆ ಟ್ಯೂಷನ್ ಮಾಡಿಸ್ತೀರೇನ್ರಿ?’ ಅಂದರು ಸಹೋದ್ಯೋಗಿಗಳು. ಸ್ಲೇಟು, ಅಕ್ಷರದ ಚೀಟಿಗೆ ನನ್ನ ಕೈಯಿಂದ ಆರು ಸಾವಿರದ ಆಸುಪಾಸು ಖರ್ಚಾಯಿತು.

ಮೊದಲ ವರ್ಷ ಕೆಟ್ಟಿತು. ದೊಡ್ಡ ಮಕ್ಕಳೂ ಬಂದು ಅದು ಹೋಂವರ್ಕ್ ಮಾಡಿಸುವ ಜಾಗವಾಯಿತು. ರಂಜಾನ್‌ನಲ್ಲಿ ನಿಂತದ್ದು ಮತ್ತೆ ಶುರುವಾಗಲೇ ಇಲ್ಲ. ಮುಂದಿನ ವರ್ಷ ಮೂರು, ನಾಲ್ಕನೇ ತರಗತಿಯ, ಓದಲು ಬಾರದ ಮಕ್ಕಳನ್ನಷ್ಟೇ ತೆಗೆದುಕೊಂಡೆವು. ರಂಜಾನ್ ರಜೆಯನ್ನು ಮೊದಲೇ ಲೆಕ್ಕಕ್ಕೆ ಹಿಡಿದೆವು. ಆ ನಾಲ್ವರನ್ನು ಹೇಗೆ ಆರಿಸುತ್ತೇನೆ, ಮನೆಯ ದಾದಿಯನ್ನು, ಅಂದರೆ ಅಜ್ಜಿಯನ್ನು, ಹೇಗೆ ಒಪ್ಪಿಸುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಮೂರು ತಿಂಗಳಿಗೆ ಒಬ್ಬ ಹುಡುಗ ಬಸ್ಸಿನ ಬೋರ್ಡು ಓದಿದ. ಅವತ್ತಿನಿಂದ ಓಣಿಯವರು ನಮ್ಮ ಹುಡುಗಿಯನ್ನು ‘ಟೀಚರ್’ ಅಂತ ಕರೆಯತೊಡಗಿದರು. ಇನ್ನೂ ಕೋರ್ಸಿನ ಅರ್ಧ ಮುಗಿದಿರಲಿಲ್ಲ! ಅವಳ ತಂದೆ ಕಾಲೇಜು ಬಿಡಿಸಲು ಹೊರಟಾಗ ನಾನು ಹೋಗಬೇಕಾಗಲಿಲ್ಲ. ಆ ಮಕ್ಕಳ ತಾಯಂದಿರೇ ಹೋದರು. ‘ನಮ್ಮ ಹುಡುಗಗ ಈಗ ಓದು ಹತ್ತೇತ್ರಿ, ಆಕೀನ್ನ ಬಿಡಿಸಬ್ಯಾಡ್ರಿ’ ಅಂದರಂತೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆವು. ಉರ್ದು ಶಾಲೆಯ ಮಕ್ಕಳಿಗೆ ಮೊದಲು ಅವರು ಮನೆಯಲ್ಲಾಡುವ ದಖ್ಖನಿ ಉರ್ದುವಿನ ಮಾತುಗಳನ್ನೇ ಕನ್ನಡ ಅಕ್ಷರದಲ್ಲಿ ಕೊಟ್ಟೆವು: ಪಾನಿ, ಚಾವಿ, ನಾನಿ. ಉರ್ದುವಿನಲ್ಲಿ ಹ್ರಸ್ವ ಸ್ವರವನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಕನ್ನಡದಲ್ಲಿ ಆಡುವ ಸ್ವರವೆಲ್ಲ ಅಕ್ಷರದಲ್ಲೇ ತಿಳಿಯುತ್ತದೆ, ಅಲ್ವಾ? ಮಕ್ಕಳು ಬೇಗ ಹಿಡಿದರು. ಉರ್ದು ಬಲದಿಂದ ಎಡಕ್ಕೆ ಓದುವುದರಿಂದ, ಪುಸ್ತಕವನ್ನು ಹಿಂದಿನಿಂದ ತೆರೆಯುವ ಅಭ್ಯಾಸ ಹೋಗಲು ಮಾತ್ರ ತಿಂಗಳು ಬೇಕಾಯಿತು.

ಕಳೆದೆರಡು ಬ್ಯಾಚಿನಲ್ಲಿ ನಲವತ್ತು ಮಂದಿಯಲ್ಲಿ ಬಿಟ್ಟವರು ಇಬ್ಬರೇ. ಹನ್ನೊಂದೋ ಹನ್ನೆರಡೋ ಮಂದಿ ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿಯ 150 ಅಂಕದಲ್ಲಿ 90 ದಾಟಿದರು. ಅಂದು ‘ಟ್ಯೂಷನ್’ ಅಂದವರೇ ಈಗ ನನ್ನ ಚೀಟಿಗಳನ್ನು ಜೆರಾಕ್ಸ್ ಮಾಡಿಸಿಕೊಳ್ಳುತ್ತಾರೆ. ಮದುವೆಯಾಗಿ ಇಂಡಿಗೆ ಹೋದವಳೊಬ್ಬಳು ಅಲ್ಲಿಯೂ ಐದು ಮಕ್ಕಳನ್ನು ಕೂಡಿಸಿಕೊಂಡಿದ್ದಾಳೆ. ಹೋದ ವಾರ ಫೋನ್ ಮಾಡಿ ಸ್ಲೇಟು ಕೇಳಿದಳು. ಹತ್ತು ಕಳಿಸಿದೆ.